ಎರಡು ಸ್ವಿಚ್ ಇದ್ದರೂ ಸರ್ವರ್ ನಿಲ್ಲುವುದೇಕೆ?

ಸಂಪಾದಕರೇ,

‘ತಾಂತ್ರಿಕ ದೋಷದಿಂದ ಸೇವೆ ಸ್ಥಗಿತ’ ಎಂಬ ಒಂದು ಸಾಲಿನ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ದೋಷ ಯಾವುದು ಎಂಬುದು ಅದರಲ್ಲಿ ಇರುವುದಿಲ್ಲ. ಓದಿದವರು ಯಂತ್ರ ಹಳೆಯದಿರಬೇಕು, ಇನ್ನೊಂದು ಕೊಂಡಿಡಬೇಕಿತ್ತು ಎಂದುಕೊಳ್ಳುತ್ತಾರೆ. ಎಷ್ಟೋ ಕಡೆ ಇನ್ನೊಂದನ್ನು ಕೊಂಡೇ ಇರುತ್ತಾರೆ. ಸರ್ವರ್ ಮೂರು, ದತ್ತಾಂಶ ಕೂಡಿಡುವ ಸ್ಟೋರೇಜ್ ಪೆಟ್ಟಿಗೆಗೆ ಅದನ್ನು ನಡೆಸುವ ಕಂಟ್ರೋಲರ್ ಎರಡು, ನಡುವೆ ಇವನ್ನು ಬೆಸೆಯುವ ನೆಟ್‌ವರ್ಕ್ ಸ್ವಿಚ್ ಎರಡು. ಆದರೂ ಒಂದು ಸ್ವಿಚ್ ಕೈಕೊಟ್ಟ ದಿನ ಎಲ್ಲ ವರ್ಚುವಲ್ ಮಷೀನ್‌ಗಳೂ (ಸರ್ವರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್‌ಗಳು) ಒಟ್ಟಿಗೆ ಮಲಗುತ್ತವೆ. ಎರಡು ಹಗ್ಗ ತಂದು ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಸ್ಟೋರೇಜ್ ನೆಟ್‌ವರ್ಕ್ ಕಟ್ಟಿ ನೋಡಿಕೊಳ್ಳುವ ಕೆಲಸದಲ್ಲಿರುವ ನಾವು, ಆ ಗೂಟ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನು ಇಲ್ಲಿ ವಿವರವಾಗಿಯೇ ಬರೆಯುತ್ತಿದ್ದೇವೆ. ಹಣ ಮಂಜೂರು ಮಾಡುವವರೂ ಕೇಬಲ್ ಚುಚ್ಚುವವರೂ ಇಬ್ಬರೂ ಓದಲಿ ಎಂಬುದು ನಮ್ಮ ಆಸೆ.

ವರ್ಚುವಲೀಕರಣದಲ್ಲಿ ಈ ದೋಷ ಯಾಕಿಷ್ಟು ದುಬಾರಿ ಎಂದರೆ, ಮಷೀನುಗಳ ಡಿಸ್ಕ್ ಸರ್ವರ್ ಪೆಟ್ಟಿಗೆಯೊಳಗೆ ಇರುವುದೇ ಇಲ್ಲ. ಹತ್ತಿಪ್ಪತ್ತು ಮಷೀನುಗಳ ಡಿಸ್ಕ್‌ಗಳೂ ದೂರದ ಸ್ಟೋರೇಜ್‌ನಲ್ಲಿ ಕಡತಗಳಾಗಿ ಕೂತಿರುತ್ತವೆ. ಬಳಕೆದಾರರ ನೆಟ್‌ವರ್ಕ್ ಅರ್ಧ ನಿಮಿಷ ಹೋದರೆ ಪುಟ ತೆರೆಯುವುದು ತಡವಾಗುತ್ತದೆ, ಅಷ್ಟೇ. ಸ್ಟೋರೇಜ್ ನೆಟ್‌ವರ್ಕ್ ಅರ್ಧ ನಿಮಿಷ ಹೋದರೆ ಓಡುತ್ತಿರುವ ಆಪರೇಟಿಂಗ್ ಸಿಸ್ಟಂನ ಕೆಳಗಿಂದ ಡಿಸ್ಕ್ ಎಳೆದುಕೊಂಡಂತಾಗುತ್ತದೆ.

ಮೊದಲು ತಂತಿಯ ವಿಚಾರ. ಐಸ್ಕಸಿ (iSCSI, ಸಾಮಾನ್ಯ ನೆಟ್‌ವರ್ಕ್ ಮೇಲೆಯೇ ಡಿಸ್ಕ್‌ನ ಓದು-ಬರಹ ಸಾಗಿಸುವ ಪದ್ಧತಿ) ಬಳಸುವ ಒಂದು ಸಣ್ಣ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಮೂರು ಹೋಸ್ಟ್‌ಗಳು (ವರ್ಚುವಲ್ ಮಷೀನ್ ಓಡಿಸುವ ಸರ್ವರ್‌ಗಳು), ಪ್ರತಿಯೊಂದಕ್ಕೂ ಸ್ಟೋರೇಜ್‌ಗೆಂದೇ ಮೀಸಲಾದ ಎರಡು ಪೋರ್ಟ್. ಸ್ಟೋರೇಜ್‌ನಲ್ಲಿ ಎರಡು ಕಂಟ್ರೋಲರ್, ಒಂದೊಂದಕ್ಕೆ ಎರಡು ಪೋರ್ಟ್. ಎ ಸ್ವಿಚ್‌ಗೆ ಮೂರು ಹೋಸ್ಟ್‌ಗಳಿಂದ ಒಂದೊಂದು ಕೇಬಲ್, ಎರಡೂ ಕಂಟ್ರೋಲರ್‌ಗಳಿಂದ ಒಂದೊಂದು. ಬಿ ಸ್ವಿಚ್‌ಗೂ ಹಾಗೆಯೇ. ಒಟ್ಟು ಹತ್ತು ಕೇಬಲ್. ಸಾಮಾನ್ಯವಾಗಿ ತಪ್ಪು ಬೀಳುವುದು ಸ್ಟೋರೇಜ್ ಕಡೆಯ ನಾಲ್ಕು ಕೇಬಲ್‌ಗಳಲ್ಲಿ. ಮೊದಲ ಕಂಟ್ರೋಲರ್‌ನ ಎರಡೂ ಪೋರ್ಟ್‌ಗಳನ್ನು ಎ ಸ್ವಿಚ್‌ಗೂ ಎರಡನೆಯದರ ಎರಡನ್ನೂ ಬಿ ಸ್ವಿಚ್‌ಗೂ ಹಾಕಿಬಿಡುತ್ತಾರೆ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಎ ಸ್ವಿಚ್ ಹೋದರೆ ಆರೋಗ್ಯವಾಗಿದ್ದ ಮೊದಲ ಕಂಟ್ರೋಲರ್ ಕೂಡ ಯಾರಿಗೂ ಕಾಣದಂತಾಗಿ, ಅದರ ಕೈಲಿದ್ದ ಎಲ್ಲ ಲನ್‌ಗಳನ್ನೂ (ಹೋಸ್ಟ್‌ಗೆ ಡಿಸ್ಕ್‌ನಂತೆ ಕಾಣುವ ಸ್ಟೋರೇಜ್‌ನ ಭಾಗಗಳು) ಎರಡನೆಯದು ಹೊತ್ತುಕೊಳ್ಳಬೇಕಾಗುತ್ತದೆ. ಒಂದು ಕೆಟ್ಟದ್ದಕ್ಕೆ ಎರಡು ಹೋದವು. ಹೋಸ್ಟ್ ಕಡೆಯಲ್ಲೂ ಇಂಥದ್ದೇ ಒಂದು ಮರೆವು ಇದೆ: ಎರಡು ಪೋರ್ಟ್‌ಗಳೂ ಒಂದೇ ಕಾರ್ಡಿನವಾಗಿದ್ದರೆ ಕಾರ್ಡ್ ಸುಟ್ಟಾಗ ಎರಡೂ ಹೋಗುತ್ತವೆ. ಮದರ್‌ಬೋರ್ಡಿನ ಪೋರ್ಟ್ ಒಂದು, ಪ್ರತ್ಯೇಕ ಕಾರ್ಡಿನದು ಒಂದು ಎಂದು ಹಂಚಿ.

ಈ ಜೋಡಣೆಯಲ್ಲಿ ಪ್ರತಿ ಹೋಸ್ಟ್‌ಗೂ ಒಂದೊಂದು ಲನ್‌ಗೆ ನಾಲ್ಕು ಪಾಥ್ (ದಾರಿ) ಕಾಣಬೇಕು, ಎ ಮೂಲಕ ಎರಡು, ಬಿ ಮೂಲಕ ಎರಡು. ಆಲುವಾ (ALUA) ಪದ್ಧತಿಯ, ಅಂದರೆ ಪ್ರತಿ ಲನ್‌ಗೂ ಒಂದು ಕಂಟ್ರೋಲರ್ ಒಡೆಯನಾಗಿರುವ ಸ್ಟೋರೇಜ್ ಆದರೆ ಆ ನಾಲ್ಕರಲ್ಲಿ ಎರಡು ಲನ್‌ನ ಒಡೆಯ ಕಂಟ್ರೋಲರ್‌ಗೆ ನೇರ ಹೋಗುವ ‘ಆಪ್ಟಿಮೈಸ್ಡ್’ ಪಾಥ್, ಇನ್ನೆರಡು ಬಳಸುದಾರಿ. ಎ ಸ್ವಿಚ್ ಆರಿದಾಗ ಉಳಿಯಬೇಕಾದ್ದು ಎರಡು, ಅದರಲ್ಲಿ ಒಂದು ನೇರದ್ದು. ಈ 4 ಮತ್ತು 2 ಎಂಬ ಅಂಕಿಗಳನ್ನು ರ‍್ಯಾಕ್‌ನ ಬಾಗಿಲಿಗೇ ಅಂಟಿಸಿಟ್ಟರೂ ತಪ್ಪಿಲ್ಲ. ಮುಂದಿನ ಎಲ್ಲ ಪರೀಕ್ಷೆಗೂ ಅಳತೆಗೋಲು ಅದೇ.

ಇನ್ನು ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸಬೇಕೆ ಎಂಬ ಪ್ರಶ್ನೆ. ಐಸ್ಕಸಿಗೆ ಬೇಡ ಎನ್ನುವುದೇ ನಮ್ಮ ಖಚಿತ ಅಭಿಪ್ರಾಯ. ಸ್ಟ್ಯಾಕ್ ಮಾಡಿದರೆ ನಿರ್ವಹಣೆ ಸುಲಭ ಎಂದು ಮಾರುವವರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಸ್ಟ್ಯಾಕ್ ಎಂದರೆ ಎರಡು ಪೆಟ್ಟಿಗೆ, ಒಂದು ಮಿದುಳು. ಅದರ ಸಾಫ್ಟ್‌ವೇರ್ ಕುಸಿದರೆ ಎರಡೂ ಕುಸಿಯುತ್ತವೆ. ಫರ್ಮ್‌ವೇರ್ ಬದಲಿಸುವಾಗ ಬಹುಪಾಲು ಸ್ಟ್ಯಾಕ್‌ಗಳು ಒಟ್ಟಿಗೆ ರೀಬೂಟ್ ಆಗುತ್ತವೆ. ಒಂದು ತಪ್ಪು ಆಜ್ಞೆ ಕೊಟ್ಟರೆ ಅದು ಎರಡಕ್ಕೂ ತಟ್ಟುತ್ತದೆ. ಎಂಲ್ಯಾಗ್ (ಎರಡು ಸ್ವಿಚ್‌ಗಳ ಲಿಂಕ್‌ಗಳನ್ನು ಒಂದಾಗಿ ಕಟ್ಟುವ ವಿಧಾನ) ಇದಕ್ಕಿಂತ ವಾಸಿ, ಅಲ್ಲಿ ಮಿದುಳು ಬೇರೆ ಬೇರೆ. ನೆಟ್‌ವರ್ಕ್ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ 3ರಂಥ ಕಡೆ, ಒಂದು ಡೇಟಾಸ್ಟೋರ್‌ಗೆ (ಮಷೀನುಗಳ ಡಿಸ್ಕ್ ಕಡತ ಇಡುವ ಜಾಗ) ಸಾಮಾನ್ಯವಾಗಿ ಒಂದೇ ಟಿಸಿಪಿ ಸಂಪರ್ಕ ಇರುವುದರಿಂದ, ಲಿಂಕ್‌ಗಳನ್ನು ಜೋಡಿಸುವ ಎಂಲ್ಯಾಗ್ ಬೇಕಾಗುತ್ತದೆ. ಹಲವು ಪಾಥ್‌ಗಳನ್ನು ತಾನೇ ನಿಭಾಯಿಸುವ ಮಲ್ಟಿಪಾಥಿಂಗ್ ಐಸ್ಕಸಿಗೆ ತನ್ನದೇ ಇದೆ. ಯಾವ ಪಾಥ್ ಸತ್ತಿದೆ, ಯಾವುದು ನಿಧಾನ ಎಂಬುದು ಅದಕ್ಕೆ ಗೊತ್ತು. ಅದರ ಕೆಳಗೆ ಹಲವು ಲಿಂಕ್‌ಗಳನ್ನು ಒಂದಾಗಿ ತೋರಿಸುವ ಎಲ್‌ಎಸಿಪಿ ತಂದಿಟ್ಟರೆ ಪಾಥ್‌ಗಳ ಲೆಕ್ಕ ಅದರ ಕಣ್ಣಿಗೆ ಮರೆಯಾಗುತ್ತದೆ. ವೇಗವೂ ದಕ್ಕುವುದಿಲ್ಲ, ಏಕೆಂದರೆ ಒಂದು ಸೆಷನ್ನಿನ ದತ್ತಾಂಶವೆಲ್ಲ ಒಂದೇ ಲಿಂಕ್ ಹಿಡಿದು ಹೋಗುತ್ತದೆ.

ಎರಡು ಸ್ವಿಚ್‌ಗೆ ಎರಡು ಸಬ್‌ನೆಟ್ (ವಿಳಾಸಗಳ ಗುಂಪು), ಎರಡು ವಿಲ್ಯಾನ್ (ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಕೊಡಿ. ಉದಾಹರಣೆಗೆ ಎಗೆ 10.10.10.0/24, ವಿಲ್ಯಾನ್ 110, ಬಿಗೆ 10.10.20.0/24, ವಿಲ್ಯಾನ್ 120. ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ಗೇಟ್‌ವೇ ಬೇಡ. ಬಳಕೆದಾರರ ನೆಟ್‌ವರ್ಕ್‌ನಿಂದ ಇಲ್ಲಿಗೆ ರೂಟ್ ಇರಲೇಬಾರದು, ಐಸ್ಕಸಿ ತಾನಾಗಿ ಏನನ್ನೂ ಗೂಢಲಿಪಿಗೊಳಿಸುವುದಿಲ್ಲ. ಸಬ್‌ನೆಟ್ ಬೇರೆ ಇಡುವುದರ ದೊಡ್ಡ ಲಾಭ ಒಂದಿದೆ. ಎ ಪೋರ್ಟಿನ ಕೇಬಲ್ ಅಪ್ಪಿತಪ್ಪಿ ಬಿ ಸ್ವಿಚ್‌ಗೆ ಬಿದ್ದರೆ ಪಿಂಗ್ (ಆ ತುದಿ ಸಿಗುತ್ತದೆಯೇ ಎಂದು ಕೇಳುವ ಪರೀಕ್ಷಾ ಸಂದೇಶ) ಅಲ್ಲೇ ಸೋಲುತ್ತದೆ, ತಪ್ಪು ಅಂದೇ ಸಿಕ್ಕಿಬೀಳುತ್ತದೆ. ಎರಡೂ ಕಡೆ ಒಂದೇ ಸಬ್‌ನೆಟ್ ಇಟ್ಟು ನಡುವೆ ಕೇಬಲ್ ಎಳೆದಿದ್ದರೆ ಅದೇ ತಪ್ಪು ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಹೋಸ್ಟಿನ ಎರಡು ಕೇಬಲ್‌ಗಳೂ ಒಂದೇ ಸ್ವಿಚ್‌ನಲ್ಲಿವೆ ಎಂಬುದು ಆ ಸ್ವಿಚ್ ಆರಿದ ದಿನವೇ ತಿಳಿಯುವುದು.

ಹೈಪರ್‌ವೈಸರ್ (ವರ್ಚುವಲ್ ಮಷೀನುಗಳನ್ನು ಓಡಿಸುವ ಸಾಫ್ಟ್‌ವೇರ್) ಕಡೆಯ ಕೆಲಸ ಒಂದೊಂದರಲ್ಲಿ ಒಂದೊಂದು ಥರ. ವಿಎಂವೇರ್‌ನಲ್ಲಿ ಎರಡು ವಿಎಂಕರ್ನಲ್ ಪೋರ್ಟ್ (ಹೋಸ್ಟ್ ತಾನೇ ಬಳಸುವ ಪೋರ್ಟ್) ಮಾಡಿ, ಒಂದೊಂದಕ್ಕೆ ಒಂದೇ ‘ಆ್ಯಕ್ಟಿವ್’ ಅಪ್‌ಲಿಂಕ್ (ಹೊರಗಿನ ತಂತಿಯ ಪೋರ್ಟ್) ಕೊಟ್ಟು ಇನ್ನೊಂದನ್ನು ‘ಅನ್‌ಯೂಸ್ಡ್’ ಪಟ್ಟಿಗೆ ತಳ್ಳಬೇಕು. ‘ಸ್ಟ್ಯಾಂಡ್‌ಬೈ’ನಲ್ಲಿ ಬಿಟ್ಟರೆ ಕೇಬಲ್ ಕಿತ್ತಾಗ ಎ ವಿಳಾಸವು ಬಿ ಸ್ವಿಚ್‌ನ ತಂತಿಗೆ ಹಾರಿ, ಅಲ್ಲಿ ಮಾತನಾಡಿಸುವವರಿಲ್ಲದೆ ನಿಲ್ಲುತ್ತದೆ. ಎರಡು ಸಬ್‌ನೆಟ್ ಇದ್ದಾಗ ‘ಪೋರ್ಟ್ ಬೈಂಡಿಂಗ್’ ಮುಟ್ಟಬೇಡಿ. ಅದು ಎಲ್ಲ ಪೋರ್ಟ್‌ಗಳೂ ಒಂದೇ ಸಬ್‌ನೆಟ್‌ನಲ್ಲಿದ್ದಾಗ ಮಾಡುವ ಕೆಲಸ. ಇಲ್ಲಿ ಮಾಡಿದರೆ ಪ್ರತಿ ಪೋರ್ಟೂ ತನಗೆ ತಲುಪದ ಟಾರ್ಗೆಟ್‌ಗೂ (ಸ್ಟೋರೇಜ್ ಕಡೆಯ ತುದಿ) ಲಾಗಿನ್ ಆಗಲು ಹೋಗಿ ಕಾದು ಕಾದು ಸೋಲುತ್ತದೆ. ಹೋಸ್ಟ್ ಬೂಟ್ ಆಗಲು, ರೀಸ್ಕ್ಯಾನ್ ಮುಗಿಯಲು ವಿಪರೀತ ಹೊತ್ತು ಹಿಡಿಯುತ್ತಿದ್ದರೆ ಮೊದಲು ಇದನ್ನೇ ನೋಡಿ. ಪಾಥ್ ನೀತಿಯನ್ನು ‘ರೌಂಡ್ ರಾಬಿನ್’ (ಸರದಿಯಂತೆ ಬಳಸುವುದು) ಮಾಡುವುದು ಬಹುತೇಕ ಸ್ಟೋರೇಜ್‌ಗಳಿಗೆ ಸರಿ. ಒಂದು ಪಾಥ್‌ನಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ 1000 ಐಒ (ಓದು-ಬರಹ) ಎಂಬುದು ಅಲ್ಲಿನ ಪೂರ್ವನಿಗದಿ. ಅದನ್ನು 1ಕ್ಕೆ ಇಳಿಸಬೇಕೋ ಬೇಡವೋ ಎಂಬುದನ್ನು ಸ್ಟೋರೇಜ್ ತಯಾರಕರ ಕೈಪಿಡಿ ನೋಡಿ ನಿರ್ಧರಿಸಿ.

ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಸ್ಟೋರೇಜ್ ಕಾರ್ಡ್‌ಗಳನ್ನು ಟೀಮ್ ಮಾಡದೆ (ಒಂದಾಗಿ ಕಟ್ಟದೆ) ಅಲ್ಲಿನ ಮಲ್ಟಿಪಾಥಿಂಗ್ ಆದ ಎಂಪಿಐಒ ಹಾಕಬೇಕು. ಅಲ್ಲಿ ಎಡವುವುದು ‘ಅಡ್ವಾನ್ಸ್‌ಡ್’ ಗುಂಡಿಯಲ್ಲಿ. ಟಾರ್ಗೆಟ್‌ಗೆ ಸಂಪರ್ಕಿಸುವಾಗ ಯಾವ ಇನಿಶಿಯೇಟರ್ (ಹೋಸ್ಟ್ ಕಡೆಯ) ವಿಳಾಸದಿಂದ ಯಾವ ಪೋರ್ಟಲ್‌ಗೆ (ಸ್ಟೋರೇಜ್ ಕಡೆಯ ವಿಳಾಸ) ಎಂದು ಆರಿಸದೆ ‘ಡೀಫಾಲ್ಟ್’ ಬಿಟ್ಟರೆ, ಎರಡು ಕಾರ್ಡ್ ಇದ್ದರೂ ಒಂದರಲ್ಲೇ ಎಲ್ಲವೂ ಸಾಗಬಹುದು. ಪ್ರತಿ ಜೋಡಿಗೂ ಬೇರೆ ಸೆಷನ್ ಮಾಡಿ, ‘ಮಲ್ಟಿಪಾಥ್’ ಗುರುತು ಹಾಕಿ, ಫೇವರಿಟ್ ಟಾರ್ಗೆಟ್‌ಗಳ ಪಟ್ಟಿಗೆ ಸೇರಿದೆಯೇ ಎಂದು ನೋಡಿ. ಸೇರದಿದ್ದರೆ ರೀಬೂಟ್ ಆದ ಮೇಲೆ ಆ ಸೆಷನ್ ಮರಳುವುದಿಲ್ಲ. ಲಿನಕ್ಸ್ ಕೆವಿಎಂನಲ್ಲಿ ಮಷೀನುಗಳಿಗೆ ಕೊಡಬೇಕಾದ್ದು ಎಲ್ಲ ಪಾಥ್‌ಗಳನ್ನೂ ಒಂದೇ ಡಿಸ್ಕ್‌ನಂತೆ ತೋರಿಸುವ ಮಲ್ಟಿಪಾಥ್‌ನ ಮ್ಯಾಪರ್ ಸಾಧನ. ಎಸ್‌ಡಿಬಿ, ಎಸ್‌ಡಿಸಿ ಎಂದು ಕಾಣುವ ಬಿಡಿ ಡಿಸ್ಕ್ ಕೊಟ್ಟರೆ ಅದು ಒಂದು ಪಾಥ್ ಮಾತ್ರ. ಲಿನಕ್ಸ್‌ನ ಐಸ್ಕಸಿ ಸಾಫ್ಟ್‌ವೇರ್ ಆದ ಓಪನ್-ಐಸ್ಕಸಿಯ ‘ರಿಪ್ಲೇಸ್‌ಮೆಂಟ್ ಟೈಮ್‌ಔಟ್’ (ಕಡಿದ ಸೆಷನ್‌ಗಾಗಿ ಕಾಯುವ ಅವಧಿ) 120 ಸೆಕೆಂಡ್ ಇರುತ್ತದೆ. ಮಲ್ಟಿಪಾಥ್ ಇದ್ದಾಗ ಅದನ್ನು 5ರಿಂದ 15ರ ಒಳಗೆ ತರಬೇಕು, ಇಲ್ಲವಾದರೆ ಸತ್ತ ಪಾಥ್‌ನ ಬಾಗಿಲಲ್ಲೇ ಎರಡು ನಿಮಿಷ ಕಾಯುತ್ತಾ ಕೂರುತ್ತದೆ.

ಈ ಕಾಯುವಿಕೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ‘ಎರಡನೇ ಪಾಥ್ ಸರಿಯಿತ್ತಲ್ಲ, ಆದರೂ ಮಷೀನ್ ಯಾಕೆ ಬಿತ್ತು’ ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಲ್ಲೇ ಇರುತ್ತದೆ. ಕೇಬಲ್ ಕಿತ್ತರೆ ಲಿಂಕ್ ದೀಪ ಆರುತ್ತದೆ, ಹೋಸ್ಟ್‌ಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಸ್ವಿಚ್ ಅರೆಜೀವವಾಗಿ, ದೀಪ ಉರಿಯುತ್ತಾ, ಒಂದು ಫ್ರೇಮನ್ನೂ (ದತ್ತಾಂಶದ ತುಂಡು) ಸಾಗಿಸದೆ ನಿಂತರೆ? ಆಗ ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ 15 ಸೆಕೆಂಡಿಗೊಮ್ಮೆ ಕಳಿಸುವ ‘ನಾಪ್’ ಸಂದೇಶಕ್ಕೆ ಉತ್ತರ ಬರಲಿ ಎಂದು 10 ಸೆಕೆಂಡ್ ಕಾಯುತ್ತದೆ, ಸೆಷನ್ ಚೇತರಿಸಿಕೊಳ್ಳಲಿ ಎಂದು ಮತ್ತೆ 10 ಸೆಕೆಂಡ್. ಕೂಡಿದರೆ ಅರ್ಧ ನಿಮಿಷ ದಾಟಬಹುದು. ಅತ್ತ ಮಷೀನಿನೊಳಗಿನ ಲಿನಕ್ಸ್ ತನ್ನ ಸ್ಕಸಿ ಡಿಸ್ಕ್‌ಗೆ ಪೂರ್ವನಿಗದಿಯಾಗಿ 30 ಸೆಕೆಂಡ್ ಮಾತ್ರ ಕಾಯುತ್ತದೆ. ಅದು ಮೀರಿ ದೋಷ ಮೇಲಕ್ಕೆ ಬಂದರೆ ಫೈಲ್‌ಸಿಸ್ಟಂ ‘ಓದಲು ಮಾತ್ರ’ ಸ್ಥಿತಿಗೆ ಹೋಗುತ್ತದೆ. ಪಾಥ್ ಬದಲಾಗಿ ಎಲ್ಲ ಸರಿಹೋದ ಮೇಲೂ ಆ ಮಷೀನ್ ಮಾತ್ರ ಏನನ್ನೂ ಬರೆಯಲಾರದೆ ಕೂತಿರುತ್ತದೆ, ಪಿಂಗ್‌ಗೆ ಉತ್ತರ ಕೊಡುತ್ತಾ. ಹಾಗಾಗಿ ಮಷೀನುಗಳೊಳಗಿನ ಡಿಸ್ಕ್ ಟೈಮ್‌ಔಟ್ 180 ಸೆಕೆಂಡ್ ಇದೆಯೇ ನೋಡಿ. ವಿಎಂವೇರ್ ಟೂಲ್ಸ್ ಹಾಕಿದ ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ತಾನಾಗಿ ಆಗಿರುತ್ತದೆ. ಕೈಯಾರೆ ಕಟ್ಟಿದವುಗಳಲ್ಲಿ ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳನ್ನು ಹೊಂದಿಸುವ ಭಾಗ) ನಿಯಮ ಬರೆಯಬೇಕು.

ಜಂಬೋ ಫ್ರೇಮ್, ಅಂದರೆ ದೊಡ್ಡ ಗಾತ್ರದ ಫ್ರೇಮ್ ಬಗ್ಗೆ ಎಲ್ಲರಿಗೂ ಅತಿಪ್ರೀತಿ. ಹೋಸ್ಟ್, ವರ್ಚುವಲ್ ಸ್ವಿಚ್, ಸ್ಟೋರೇಜ್ ಮೂರರಲ್ಲೂ ಎಂಟಿಯು (ಒಂದು ಫ್ರೇಮಿನಲ್ಲಿ ಹಿಡಿಯುವ ಗರಿಷ್ಠ ಬೈಟ್) 9000, ಭೌತಿಕ ಸ್ವಿಚ್‌ನಲ್ಲಿ 9216 ಇರಬೇಕು. ನಡುವಿನ ಸ್ವಿಚ್ ಮಾತ್ರ 1500ರಲ್ಲಿ ಉಳಿದರೆ ರೋಗಲಕ್ಷಣ ವಿಚಿತ್ರವಾಗಿರುತ್ತದೆ. ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಲನ್ ಕೂಡ ಕಾಣುತ್ತದೆ, ದೊಡ್ಡ ಕಡತ ನಕಲು ಮಾಡಲು ಹೋದ ಕ್ಷಣ ಎಲ್ಲ ಸ್ತಬ್ಧ. ಚಿಕ್ಕ ಫ್ರೇಮ್ ದಾಟುತ್ತದೆ. ದೊಡ್ಡದನ್ನು ಲೇಯರ್ 2 ಸ್ವಿಚ್ ಯಾರಿಗೂ ಹೇಳದೆ ಎಸೆದುಬಿಡುತ್ತದೆ. ಪರೀಕ್ಷೆಗೆ 8972 ಬೈಟ್‌ನ ಪಿಂಗ್ ಕಳಿಸಿ, ತುಂಡು ಮಾಡಬಾರದು ಎಂಬ ಗುರುತಿನೊಂದಿಗೆ. 9000ದಲ್ಲಿ ಐಪಿ ಶೀರ್ಷಿಕೆಗೆ 20, ಐಸಿಎಂಪಿಗೆ 8 ಹೋಗಿ ಉಳಿಯುವುದು ಅಷ್ಟು. ಪ್ರತಿ ಹೋಸ್ಟಿನ ಪ್ರತಿ ಪೋರ್ಟಿನಿಂದ ಪ್ರತಿ ಟಾರ್ಗೆಟ್‌ಗೂ ಬೇರೆಬೇರೆಯಾಗಿ ಕಳಿಸಬೇಕು. ಮೇಲಿನ ವ್ಯವಸ್ಥೆಯಲ್ಲಿ 12 ಪಿಂಗ್, ಹತ್ತು ನಿಮಿಷದ ಕೆಲಸ. ಇಷ್ಟು ವ್ಯವಧಾನ ಇಲ್ಲದಿದ್ದರೆ 1500ರಲ್ಲೇ ಬಿಡಿ. ಜಂಬೋದಿಂದ ಬರುವ ಲಾಭ ಸಾಧಾರಣ, ಅರೆಬರೆ ಜಂಬೋದಿಂದ ಆಗುವ ನಷ್ಟ ಪೂರ್ತಿ.

ಸ್ವಿಚ್ ಪೋರ್ಟ್‌ಗಳಲ್ಲಿ, ಫ್ರೇಮ್‌ಗಳು ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು ‘ಎಡ್ಜ್’ ಅಥವಾ ‘ಪೋರ್ಟ್‌ಫಾಸ್ಟ್’ ಮಾಡಿ. ಮಾಡದಿದ್ದರೆ ಲಿಂಕ್ ಬಂದ ಮೇಲೂ 15 ಮತ್ತು 15, ಒಟ್ಟು 30 ಸೆಕೆಂಡ್ ಪೋರ್ಟ್ ಏನನ್ನೂ ಸಾಗಿಸುವುದಿಲ್ಲ. ಫ್ಲೋ ಕಂಟ್ರೋಲ್ (ಸ್ವಲ್ಪ ತಡೆ ಎಂದು ಕಳಿಸುವವರಿಗೆ ಹೇಳುವ ವ್ಯವಸ್ಥೆ) ಸ್ಟೋರೇಜ್ ತಯಾರಕರು ಹೇಳಿದಂತೆ, ಎರಡೂ ತುದಿಯಲ್ಲಿ ಹೊಂದುವಂತೆ ಇರಲಿ. ಅಗ್ಗದ ಸ್ವಿಚ್‌ಗಳಲ್ಲಿ ಬಫರ್ (ಫ್ರೇಮ್‌ಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಕಡಿಮೆ. ಸ್ಟೋರೇಜ್ 10 ಗಿಗಾಬಿಟ್, ಹೋಸ್ಟ್ 1 ಗಿಗಾಬಿಟ್ ಇದ್ದಾಗ ಆ ಬಫರ್ ತುಂಬಿ ಫ್ರೇಮ್‌ಗಳು ಚೆಲ್ಲುತ್ತವೆ. ಟಿಸಿಪಿ ಕಳೆದುಹೋದ ಪ್ಯಾಕೆಟ್‌ಗಾಗಿ ಟೈಮರ್ ಕಾಯಬೇಕಾಗಿ ಬಂದರೆ, ಲಿನಕ್ಸ್‌ನಲ್ಲಿ ಕನಿಷ್ಠ 200 ಮಿಲಿಸೆಕೆಂಡ್. ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಓದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ‘ಸ್ಟೋರೇಜ್ ನಿಧಾನ’ ಎಂದು ಹೊಸ ಡಿಸ್ಕ್ ಕೊಳ್ಳುವ ಮೊದಲು ಸ್ವಿಚ್‌ನ ‘ಔಟ್‌ಪುಟ್ ಡ್ರಾಪ್’ ಎಣಿಕೆ ನೋಡಿ. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳ ಎಣಿಕೆ) ಏರುತ್ತಿದ್ದರೆ ಕೇಬಲ್ಲೋ ಟ್ರಾನ್ಸೀವರೋ ಕೆಟ್ಟಿದೆ. ಎಣಿಕೆಯನ್ನು ಸೊನ್ನೆ ಮಾಡಿ ಮರುದಿನ ನೋಡಿದರೆ ಹಳೆಯ ಪಾಪ ಯಾವುದು, ಇಂದಿನದು ಯಾವುದು ಎಂದು ಬೇರೆಯಾಗುತ್ತದೆ.

ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ಬೇರೆ ಬಗೆಯ ನೆಟ್‌ವರ್ಕ್) ಬಳಸುವವರಿಗೆ ಈ ಶಿಸ್ತು ಹಳೆಯದು. ಎ ಫ್ಯಾಬ್ರಿಕ್ (ಸ್ವಿಚ್‌ಗಳ ಜಾಲ), ಬಿ ಫ್ಯಾಬ್ರಿಕ್ ಎಂದೂ ಸೇರಬಾರದು ಎಂಬುದು ಅವರ ಮೊದಲ ಪಾಠ. ಯಾರೋ ಉಳಿದ ಕೇಬಲನ್ನು ಎರಡರ ನಡುವೆ ಚುಚ್ಚಿ ಫ್ಯಾಬ್ರಿಕ್‌ಗಳು ಒಂದಾದರೆ, ಆಮೇಲೆ ಝೋನ್‌ನಲ್ಲಿ (ಯಾರು ಯಾರನ್ನು ಕಾಣಬಹುದು ಎಂಬ ಪಟ್ಟಿ) ಮಾಡಿದ ಒಂದು ತಪ್ಪು ಎರಡೂ ದಾರಿ ಮುಚ್ಚುತ್ತದೆ. ಒಂದು ಝೋನ್‌ಗೆ ಒಂದೇ ಇನಿಶಿಯೇಟರ್ ಇರಲಿ. ಎಯಲ್ಲಿ ಬದಲಾವಣೆ ಮಾಡಿ, ಪಾಥ್‌ಗಳನ್ನು ಎಣಿಸಿ, ನಂತರವೇ ಬಿ ಮುಟ್ಟಿ.

ಇನ್ನು ಯಾರೂ ಬರೆದಿಡದ ಸಂಗತಿಗಳು. ಸ್ವಿಚ್‌ಗೆ ಒಂದೇ ಪವರ್ ಸಪ್ಲೈ ಇದ್ದರೆ ಎ ಒಂದು ಪಿಡಿಯುಗೆ (ರ‍್ಯಾಕ್‌ನಲ್ಲಿ ವಿದ್ಯುತ್ ಹಂಚುವ ಸಾಧನ), ಬಿ ಇನ್ನೊಂದಕ್ಕೆ. ಎರಡು ಪಿಡಿಯುಗಳೂ ಒಂದೇ ಯುಪಿಎಸ್‌ಗೆ ಹೋಗಿದ್ದರೆ ಅದು ಹಂಚಿದಂತಲ್ಲ. ಟಾರ್ಗೆಟ್‌ಗಳಿಗೆ ಹೆಸರಿನ ಬದಲು ಐಪಿ ವಿಳಾಸವನ್ನೇ ಕೊಡಿ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಅದೇ ಸ್ಟೋರೇಜ್‌ನ ಮೇಲೆ ವರ್ಚುವಲ್ ಮಷೀನಾಗಿ ಮಲಗಿದ್ದರೆ ಯಾರು ಯಾರನ್ನು ಎಬ್ಬಿಸುವುದು? ಎಲ್ಲಕ್ಕಿಂತ ಹೆಚ್ಚಾಗಿ, ಸ್ವಿಚ್‌ನಲ್ಲಿ ಮಾಡಿದ ಬದಲಾವಣೆಯನ್ನು ‘ಸ್ಟಾರ್ಟ್‌ಅಪ್’ ಕಾನ್ಫಿಗರೇಷನ್ನಿಗೆ ಉಳಿಸಿ. ಉಳಿಸದೆ ಬಿಟ್ಟ ವಿಲ್ಯಾನ್ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತದೆ, ವಿದ್ಯುತ್ ಹೋಗಿ ಬಂದ ರಾತ್ರಿ ಮಾಯವಾಗುತ್ತದೆ. ಎರಡು ಸ್ವಿಚ್‌ಗಳನ್ನೂ ಒಬ್ಬರೇ ಒಂದೇ ದಿನ ಹೊಂದಿಸಿದ್ದರೆ ಎರಡರಲ್ಲೂ ಮರೆತಿರುತ್ತಾರೆ.

ಹೊರೆಯ ಲೆಕ್ಕ ಚಿಕ್ಕದು, ಆದರೂ ತಪ್ಪುತ್ತದೆ. ಎ 70 ಶೇಕಡಾ, ಬಿ 70 ಶೇಕಡಾ ಓಡುತ್ತಿದ್ದರೆ ಒಂದು ಹೋದಾಗ ಇನ್ನೊಂದು 140 ಹೊರಬೇಕು. ದಟ್ಟಣೆಯ ಹೊತ್ತಿನಲ್ಲೂ ಪ್ರತಿ ಕಡೆ 50ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಮೀಸಲು.

ಈಗ ಪರೀಕ್ಷೆ. ಒಂದು ವರ್ಚುವಲ್ ಮಷೀನಿನಲ್ಲಿ ಪ್ರತಿ ಸೆಕೆಂಡಿಗೆ ಸಮಯವನ್ನು ಕಡತಕ್ಕೆ ಬರೆದು ಡಿಸ್ಕ್‌ಗೆ ಇಳಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ, ಜೊತೆಗೆ ಬೇರೆ ಮಷೀನುಗಳಿಂದ ಒಂದಿಷ್ಟು ಹೊರೆ ಕೊಡಿ. ಮೊದಲು ಒಂದು ಹೋಸ್ಟಿನ ಒಂದು ಕೇಬಲ್ ಕಿತ್ತು ನೋಡಿ. ಆಮೇಲೆ ಎ ಸ್ವಿಚ್‌ನ ವಿದ್ಯುತ್ತನ್ನೇ ತೆಗೆಯಿರಿ, ಪ್ರತಿ ಹೋಸ್ಟಿನಲ್ಲೂ ಪಾಥ್ 4ರಿಂದ 2ಕ್ಕೆ ಇಳಿದಿದೆಯೇ ಎಣಿಸಿ. ಮತ್ತೆ ಹಾಕಿ, ನಾಲ್ಕೂ ಮರಳುವವರೆಗೆ ಕಾಯಿರಿ. ಇಲ್ಲಿ ಅವಸರ ಮಾಡಿ, ಎ ಪೂರ್ತಿ ಮರಳುವ ಮುನ್ನ ಬಿಯನ್ನು ಆರಿಸಿದರೆ ಪರೀಕ್ಷೆಯೇ ಅನಾಹುತವಾಗುತ್ತದೆ: ಎಲ್ಲ ಪಾಥ್‌ಗಳೂ ಹೋಗಿ ಇಎಸ್‌ಎಕ್ಸ್‌ಐ 140 ಸೆಕೆಂಡಿನ ‘ಎಪಿಡಿ’ ಗಡಿಯಾರ ಶುರುಮಾಡುತ್ತದೆ. ಬಿಗೂ ಇದೇ ಕ್ರಮ, ನಂತರ ಕಂಟ್ರೋಲರ್ ಬದಲಾವಣೆ. ಇಷ್ಟರಲ್ಲಿ ಬಹಳ ಮಂದಿ ಮುಗಿಯಿತು ಎನ್ನುತ್ತಾರೆ. ನಮ್ಮ ಪ್ರಕಾರ ಮುಖ್ಯವಾದದ್ದು ಇನ್ನೂ ಬಾಕಿ. ಎ ಸ್ವಿಚ್‌ನಲ್ಲಿ ಸ್ಟೋರೇಜ್ ಕಡೆಯ ಪೋರ್ಟ್‌ಗಳನ್ನು ವಿಲ್ಯಾನ್ 110ರಿಂದ ಹೊರಗೆ ಹಾಕಿ. ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಫ್ರೇಮ್ ಮಾತ್ರ ತಲುಪುವುದಿಲ್ಲ. ಮೇಲೆ ಹೇಳಿದ ಅರೆಜೀವದ ಸ್ಥಿತಿ ಇದೇ. ಸ್ಕ್ರಿಪ್ಟ್ ಬರೆದ ಸಮಯಗಳ ನಡುವೆ ಎಷ್ಟು ಸೆಕೆಂಡ್ ಅಂತರ ಬಿದ್ದಿದೆ ನೋಡಿ. ಆ ಅಂತರ ನಿಮ್ಮ ಮಷೀನುಗಳ ಡಿಸ್ಕ್ ಟೈಮ್‌ಔಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟೇ ನಿಮಗಿರುವ ನೆಮ್ಮದಿ. ಕೊನೆಗೆ ಎಲ್ಲವನ್ನೂ ಆರಿಸಿ, ಮೊದಲು ಸ್ವಿಚ್, ಆಮೇಲೆ ಸ್ಟೋರೇಜ್, ಆಮೇಲೆ ಹೋಸ್ಟ್ ಎಂಬ ಕ್ರಮದಲ್ಲಿ ತಣ್ಣನೆಯ ಸ್ಥಿತಿಯಿಂದ ಹಚ್ಚಿ. ಉಳಿಸದೆ ಬಿಟ್ಟ ಕಾನ್ಫಿಗರೇಷನ್ ಅಲ್ಲಿ ಹೊರಬೀಳುತ್ತದೆ.

ಪರೀಕ್ಷೆ ಮುಗಿದ ವ್ಯವಸ್ಥೆಯೂ ಸದ್ದಿಲ್ಲದೆ ಹಾಳಾಗುತ್ತದೆ. ಒಂದು ಪಾಥ್ ಸತ್ತರೆ ಬಳಕೆದಾರರಿಗೆ ಏನೂ ತಿಳಿಯದು, ಇದರ ಉದ್ದೇಶವೇ ಅದಲ್ಲವೇ? ಆದ್ದರಿಂದ ‘ಪಾಥ್ ರಿಡಂಡೆನ್ಸಿ’ ಕುಸಿದಾಗ ಬರುವ ಅಲಾರಂ ಯಾರಾದರೊಬ್ಬರ ಇಮೇಲ್‌ಗೆ, ಸಾಧ್ಯವಾದರೆ ಫೋನಿಗೆ ಹೋಗುವಂತಿರಲಿ. ಫರ್ಮ್‌ವೇರ್ ಬದಲಿಸುವಾಗ ಒಂದು ಸ್ವಿಚ್‌ಗೆ ಈ ವಾರ, ಇನ್ನೊಂದಕ್ಕೆ ಮುಂದಿನ ವಾರ. ಒಂದೇ ಮಾದರಿಯ ಎರಡು ಸ್ವಿಚ್‌ಗಳಲ್ಲಿ ಒಂದೇ ದೋಷ ಇರಬಹುದು, ಎರಡೂ ಒಂದೇ ರಾತ್ರಿ ಅದಕ್ಕೆ ಬಲಿಯಾಗುವುದು ಬೇಡ.

ಇಂಥ ವ್ಯವಸ್ಥೆ ಕೊಳ್ಳುವ ಸಂಸ್ಥೆಗಳ ಮುಖ್ಯಸ್ಥರಲ್ಲಿ ನಮ್ಮ ಕೋರಿಕೆ ಒಂದೇ. ಟೆಂಡರ್‌ನಲ್ಲಿ ‘ಸ್ವಿಚ್ 2’ ಎಂದು ಬರೆಯುವ ಕಡೆ ಇನ್ನೊಂದು ಷರತ್ತನ್ನೂ ಸೇರಿಸಿ: ಹೊರೆ ಇರುವಾಗ ಯಾವುದೇ ಒಂದು ಸ್ವಿಚ್‌ನ ವಿದ್ಯುತ್ ತೆಗೆದಾಗ ಮತ್ತು ಲಿಂಕ್ ಉಳಿಸಿಕೊಂಡೇ ಅದರ ವಿಲ್ಯಾನ್ ಕಡಿದಾಗ ಯಾವ ವರ್ಚುವಲ್ ಮಷೀನೂ ನಿಲ್ಲಬಾರದು, ಬರವಣಿಗೆಯಲ್ಲಿ ಬಿದ್ದ ಅಂತರವನ್ನು ಸೆಕೆಂಡುಗಳಲ್ಲಿ ದಾಖಲಿಸಿ ಕೊಡಬೇಕು, ಕೊನೆಯ ಕಂತು ಬಿಡುಗಡೆಯಾಗುವುದು ಆ ದಾಖಲೆಗೆ ಸಹಿ ಬಿದ್ದ ಮೇಲೆ.

ಇಂತಿ,
ಸ್ಟೋರೇಜ್ ನೆಟ್‌ವರ್ಕ್ ನಿರ್ವಾಹಕರು